ಮೂರು ಜೊತೆ ಸ್ಕೀ, ಒಂದು ಹದ

ಗುಲ್ಮರ್ಗ್‌ನ ಬಾಡಿಗೆ ಅಂಗಡಿಯ ಹುಡುಗ ಮೂರು ಜೊತೆ ಸ್ಕೀಗಳನ್ನು ಗೋಡೆಗೆ ಒರಗಿಸಿ, "ಇವುಗಳಲ್ಲಿ ಯಾವುದು ಕೊಡಲಿ ಮೇಡಂ?" ಎಂದು ಕೇಳಿದ. "ಮೂರೂ ಕೊಡಿ" ಎಂದೆ. ಅವನು ನನ್ನ ಬಲ ಮೊಣಕಾಲಿಗೆ ಸುತ್ತಿದ್ದ ಪಟ್ಟಿಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿದ. ಕಾಲಿಗೆ ಪಟ್ಟಿ ಕಟ್ಟಿಕೊಂಡ ನಲವತ್ತಾರರ ಹೆಂಗಸು ಮೂರು ಜೊತೆ ಸ್ಕೀ ಬಾಡಿಗೆಗೆ ಕೇಳಿದರೆ ಯಾರಿಗಾದರೂ ಅನುಮಾನ ಬಂದೀತು.

ಕಾರಣ ಹೇಳುತ್ತೇನೆ. ಹೋದ ವರ್ಷ, ಅಂದರೆ 2024ರ ಮಾರ್ಚ್‌ನಲ್ಲಿ, ಇದೇ ಗುಲ್ಮರ್ಗ್‌ನಲ್ಲಿ ನಾನು ಬಿದ್ದೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಕೊಂಗ್ದೂರಿಯಿಂದ ಕೆಳಕ್ಕೆ ದೇವದಾರು, ಪೈನ್ ಮರಗಳ ನಡುವೆ ಇಳಿಯುವ ದಾರಿ. ಹಿಮವೆಲ್ಲ ನೆನೆದು ಭಾರವಾಗಿತ್ತು. ಎಡಕ್ಕೆ ತಿರುಗುವಾಗ ಬಲಗಾಲಿನ ಸ್ಕೀ ಅದರಲ್ಲಿ ಹೂತು ಅಲ್ಲೇ ನಿಂತುಬಿಟ್ಟಿತು, ನಾನು ಮಾತ್ರ ಮುಂದೆ ಹೋದೆ. ಬಿದ್ದಾಗ ಬೂಟಿನಿಂದ ಕಳಚಿಕೊಳ್ಳಬೇಕಾಗಿದ್ದ ಸ್ಕೀ ಕಳಚಲಿಲ್ಲ. ಮೊಣಕಾಲಿನ ಒಳಬದಿಯ ಅಸ್ಥಿರಜ್ಜು ಅರ್ಧ ಹರಿದು, ಮೂರು ತಿಂಗಳು ದೆಹಲಿಯ ಬಸ್ಸು, ಮೆಟ್ರೋ ಎಲ್ಲವನ್ನೂ ಬಿಟ್ಟು ಮನೆಯಿಂದಲೇ ಪಾಠ ಮಾಡಿದೆ. ನಾನು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವಳು. ಕೂತು ಕಲಿಸಬಹುದಾದ ವಿಷಯ, ಪುಣ್ಯ.

"ಇಷ್ಟಕ್ಕೇ ಸಾಕು" ಎಂದರು ಮನೆಯವರು. ಊರಿನಿಂದ ಅವ್ವ ಫೋನಿನಲ್ಲಿ ಇನ್ನೂ ಖಡಕ್ಕಾಗಿ ಹೇಳಿದಳು: "ಬರ್ಫ ಅಂದ್ರ ಆಟ ಅಲ್ಲ ಬೇ. ಬೆಟದೂರ ಹನಮಂತಪ್ಪನ್ನ ಮರತೀಯೇನು?"

ಮರೆಯುವುದು ಹೇಗೆ? ನಮ್ಮೂರೂ ಕುಂದಗೋಳ ತಾಲ್ಲೂಕಿನದೇ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಸಿಕ್ಕು, ಆರು ದಿನ ಹಿಮದಡಿ ಬದುಕಿದ್ದು, ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಕೊನೆಯುಸಿರೆಳೆದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಪಕ್ಕದ ಬೆಟದೂರಿನವರು. ಆ ಮೂರು ದಿನ ದೆಹಲಿಯಲ್ಲಿದ್ದ ನಾವು ಕನ್ನಡಿಗರು ಒಬ್ಬರಿಗೊಬ್ಬರು ಫೋನು ಮಾಡಿ ಕೇಳುತ್ತಿದ್ದುದು ಒಂದೇ ಸುದ್ದಿ. ನಮ್ಮ ಕಡೆಯವರಿಗೆ ಹಿಮ ಎಂದರೆ ಮೊದಲು ನೆನಪಾಗುವುದು ಸಿನಿಮಾದ ಹಾಡಲ್ಲ, ಆ ಮನೆ.

ಅದಕ್ಕೇ ನಾನು ಅವ್ವನ ಎದುರು ವಾದಿಸಲಿಲ್ಲ. ಆದರೆ ಒಂದು ಪ್ರಶ್ನೆ ವರ್ಷವಿಡೀ ಕೊರೆಯುತ್ತಿತ್ತು. ನಾನು ಬಿದ್ದದ್ದು ಯಾರ ತಪ್ಪಿನಿಂದ? ಸ್ಕೀಯದ್ದೇ, ಕಾಲಿನದ್ದೇ, ವಯಸ್ಸಿನದ್ದೇ? ವಯಸ್ಸಿನದ್ದಾದರೆ ಬಿಟ್ಟುಬಿಡುತ್ತೇನೆ. ಸ್ಕೀಯದ್ದಾದರೆ ಸರಿಯಾದ ಒಂದು ಜೊತೆಯನ್ನು ಸ್ವಂತಕ್ಕೆ ಕೊಳ್ಳುತ್ತೇನೆ. ಇದನ್ನು ಇತ್ಯರ್ಥ ಮಾಡಲೆಂದು ಮೊನ್ನೆ ಮಾರ್ಚ್ ಕೊನೆಯ ವಾರ ಮತ್ತೆ ಗುಲ್ಮರ್ಗ್‌ಗೆ ಹೋದೆ. ವೈದ್ಯರು ಒಪ್ಪಿದ್ದರು, ಮನೆಯವರು ಒಪ್ಪಿದ ಹಾಗೆ ಮಾಡಿದ್ದರು, ಅವ್ವನಿಗೆ ಹೇಳಿರಲಿಲ್ಲ.

ದೆಹಲಿಯಿಂದ ಶ್ರೀನಗರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ಅಲ್ಲಿಂದ ತಂಗ್‌ಮರ್ಗ್ ಮೂಲಕ ಸುಮಾರು 50 ಕಿಲೋಮೀಟರ್ ಹತ್ತಿದರೆ 2,650 ಮೀಟರ್ ಎತ್ತರದಲ್ಲಿ ಬಟ್ಟಲಿನಂಥ ಒಂದು ಬಯಲು. ಅದೇ ಗುಲ್ಮರ್ಗ್, ಹೂವಿನ ಹುಲ್ಲುಗಾವಲು. ಅಲ್ಲಿಂದ ಮೇಲಕ್ಕೆ ಗೊಂಡೋಲಾ, ಅಂದರೆ ತಂತಿಯ ಮೇಲೆ ತೂಗುತ್ತ ಹೋಗುವ ಪುಟ್ಟ ಡಬ್ಬಿಗಳು. ಮೊದಲ ಹಂತ 1998ರಲ್ಲಿ ಶುರುವಾಯಿತು, ಸುಮಾರು 3,100 ಮೀಟರ್ ಎತ್ತರದ ಕೊಂಗ್ದೂರಿಯವರೆಗೆ. ಎರಡನೆಯದು 2005ರಲ್ಲಿ, ಅಫರ್ವತ್ ಬೆಟ್ಟದ ಹೆಗಲಿಗೆ, ಹೆಚ್ಚುಕಡಿಮೆ 3,950 ಮೀಟರ್‌ವರೆಗೆ. ನನ್ನಂಥವರ ಆಟವೆಲ್ಲ ಕೊಂಗ್ದೂರಿಯ ಸುತ್ತಲೇ. ಅಲ್ಲಿ ಕುರ್ಚಿಗಳ ಲಿಫ್ಟ್ ಇದೆ, ಅದರ ಪಕ್ಕದಲ್ಲಿ ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರು ಇದೆ.

ಜನವರಿಯ ಗುಲ್ಮರ್ಗ್ ಬೇರೆ, ಮಾರ್ಚ್ ಕೊನೆಯ ಗುಲ್ಮರ್ಗ್ ಬೇರೆ. ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರಿಗಳು ಚಿಲ್ಲಾಯ್ ಕಲಾನ್ ಎನ್ನುವ ಕಡು ಚಳಿಗಾಲ. ಆಗ ಬೀಳುವ ಹಿಮ ಒಣ ಹಿಟ್ಟಿನ ಹಾಗೆ, ಊದಿದರೆ ಹಾರುತ್ತದೆ. ನಾವು ಹೋದಾಗ ಕೆಳಗಿನ ಬಯಲಿನಲ್ಲಿ ಅಲ್ಲಲ್ಲಿ ಹಳದಿ ಹುಲ್ಲು ಕಾಣುತ್ತಿತ್ತು, ಸೂರಿನ ತಗಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೋಡುವವರಿಗೆ "ಹಂಗಾಮು ಮುಗಿಯಿತು" ಅನ್ನಿಸಬೇಕು. ಆದರೆ ಮೇಲೆ ಕೊಂಗ್ದೂರಿಯಲ್ಲಿ ಹಿಮ ದಪ್ಪವಾಗಿಯೇ ಇತ್ತು.

ನನ್ನ ಜೊತೆಗಿದ್ದ ಸ್ಕೀ ಮೇಷ್ಟ್ರು ತಂಗ್‌ಮರ್ಗ್ ಕಡೆಯ ಹಳ್ಳಿಯವರು, ಮೂವತ್ತರ ಆಸುಪಾಸು. ಹೋದ ವರ್ಷ ನಾನು ಬಿದ್ದಾಗ ನನ್ನನ್ನು ಕೆಳಗೆ ತಂದವರೂ ಅವರೇ. ನನ್ನನ್ನು ದೀದಿ ಎನ್ನುತ್ತಾರೆ. ರಂಜಾನ್‌ನ ಕೊನೆಯ ದಿನಗಳು, ಅವರು ಉಪವಾಸದಲ್ಲಿದ್ದರು. ಮೂರು ದಿನವೂ ನನಗೆ ಕಹ್ವಾ ತರಿಸಿಕೊಟ್ಟು, ತಾವು ಒಂದು ಗುಟುಕು ನೀರೂ ಕುಡಿಯದೆ ನನ್ನ ಹೆಚ್ಚುವರಿ ಸ್ಕೀಗಳನ್ನು ಹೊತ್ತರು. "ನಿಮಗೆ ತೊಂದರೆ" ಎಂದರೆ, "ಹಂಗಾಮು ಇರುವಾಗ ಕೆಲಸ, ಇಲ್ಲದಾಗ ಇಲ್ಲ ದೀದಿ" ಎಂದರು.

ಅಂಗಡಿಯಲ್ಲಿ ಮೊದಲು ಅವರು ನೋಡಿದ್ದು ಸ್ಕೀಯನ್ನಲ್ಲ, ಬೈಂಡಿಂಗನ್ನು. ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಡಬೇಕಾದ ಕೊಂಡಿ ಅದು. ಎಷ್ಟು ಬಲ ಬಿದ್ದರೆ ಬಿಡಬೇಕು ಎಂಬುದಕ್ಕೆ ಅದರ ಮೇಲೊಂದು ಅಂಕಿ ಇರುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಓಡಿಸುವವರ ಪಳಗಿಕೆ, ಇಷ್ಟನ್ನೂ ನೋಡಿ ಆ ಅಂಕಿ ಇಡಬೇಕು. 58 ಕಿಲೋ ತೂಕದ, ಇನ್ನೂ ಕಲಿಯುತ್ತಿರುವ ನನಗೆ ಅದು 4ರಿಂದ 5ರ ನಡುವೆ ಇರಬೇಕಂತೆ. ಹೋದ ವರ್ಷ ಬೇರೊಂದು ಅಂಗಡಿಯಲ್ಲಿ ಕೊಟ್ಟದ್ದು 8ರಲ್ಲಿತ್ತು. ನನಗಿಂತ ಮೊದಲು ಅದನ್ನು ಒಯ್ದವರು ಯಾರೋ ಭಾರಿ ಆಳಿರಬೇಕು. ಅಂಗಡಿಯವರು ಬದಲಿಸಲಿಲ್ಲ, ನಾನು ಕೇಳಲಿಲ್ಲ. ವರ್ಷವಿಡೀ ಇನ್ನೊಬ್ಬರ ಲೆಕ್ಕ ತಿದ್ದುವವಳು ನನ್ನ ಕಾಲಿನ ಕೆಳಗಿದ್ದ ಅಂಕಿಯನ್ನು ಬಗ್ಗಿ ನೋಡಿರಲಿಲ್ಲ. ತಪ್ಪಿನ ಮೊದಲ ಪಾಲು ಅಲ್ಲೇ ಸಿಕ್ಕಿತು.

ಇನ್ನು ಸ್ಕೀಗಳು. ಕಂಪನಿಯ ಹೆಸರು ಬರೆಯುತ್ತಿಲ್ಲ. ಮಾದರಿಗಳು ವರ್ಷ ವರ್ಷ ಬದಲಾಗುತ್ತವೆ. ಸ್ಕೀಯ ಮೈಮೇಲೆ ಬರೆದಿರುವ ಅಳತೆಗಳನ್ನು ಓದಲು ಕಲಿತರೆ ಸಾಕು.

ಮೇಲಿನಿಂದ ನೋಡಿದರೆ ಸ್ಕೀಯ ಮೂತಿ ಅಗಲ, ನಡು ಸಣ್ಣ, ಬಾಲ ಮತ್ತೆ ಅಗಲ. ತಿರುವಿನ ಗುಟ್ಟು ಆ ಸಣ್ಣ ನಡುವಿನಲ್ಲಿದೆ. ಸ್ಕೀಯನ್ನು ಬದಿಗೆ ವಾಲಿಸಿ ಭಾರ ಹಾಕಿದರೆ ಅದರ ಉಕ್ಕಿನ ಅಂಚು ಕಮಾನಿನಂತೆ ಬಾಗಿ ಹಿಮವನ್ನು ಕಚ್ಚುತ್ತದೆ, ಸ್ಕೀ ತಾನಾಗಿ ತಿರುಗುತ್ತದೆ. 1990ರ ದಶಕದ ಮೊದಲು ಇಳಿಜಾರಿನ ಸ್ಕೀಗಳು ಹೆಚ್ಚುಕಡಿಮೆ ನೇರವಾಗಿರುತ್ತಿದ್ದವು, ತಿರುಗಿಸಲು ಬಹಳ ಮೈಬಲ ಬೇಕಿತ್ತು. ಈ ಸೊಂಟದ ಸ್ಕೀ ಬಂದ ಮೇಲೆಯೇ ನನ್ನಂಥವರಿಗೂ ಆಟ ಕೈಗೆಟುಕಿದ್ದು.

ನನ್ನ ಮೊದಲ ಜೊತೆ ತೆಳು ನಡುವಿನದು. ಉದ್ದ 154 ಸೆಂಟಿಮೀಟರ್, ನಡು 70 ಮಿಲಿಮೀಟರ್, ತಿರುವಿನ ತ್ರಿಜ್ಯ 13 ಮೀಟರ್. ನೆಲದ ಮೇಲಿಟ್ಟರೆ ನಡುಭಾಗ ಬಿಲ್ಲಿನ ಹಾಗೆ ಎದ್ದಿರುತ್ತದೆ. ನಿಂತರೆ ನಮ್ಮ ಭಾರಕ್ಕೆ ಚಪ್ಪಟೆಯಾಗಿ ಇಡೀ ಅಂಚು ಹಿಮಕ್ಕೆ ಒತ್ತುತ್ತದೆ. ಗಟ್ಟಿ ಇಳಿಜಾರಿಗೆಂದೇ ಮಾಡಿದ್ದು.

ಎರಡನೆಯದು ಎಲ್ಲದಕ್ಕೂ ಸಲ್ಲುವ ನಡುತರದ್ದು. ಉದ್ದ 160, ನಡು 86, ತ್ರಿಜ್ಯ 15. ಬಿಲ್ಲು ಇದೆ, ಆದರೆ ಮೂತಿ ಮಾತ್ರ ಸ್ವಲ್ಪ ಮೊದಲೇ ಮೇಲೆದ್ದಿರುತ್ತದೆ.

ಮೂರನೆಯದು ಅಗಲದ್ದು. ಉದ್ದ 170, ನಡು 108, ತ್ರಿಜ್ಯ 19. ಮೂತಿ, ಬಾಲ ಎರಡೂ ದೋಣಿಯಂತೆ ಎದ್ದಿವೆ. ಆಳವಾದ ಹಿಮದಲ್ಲಿ ಮುಳುಗದೆ ತೇಲಲಿ ಎಂದು ಮಾಡಿದ್ದು. ಇದರ ಹಿಂದೆ ಒಂದು ಕಥೆ ಇದೆ. ಶೇನ್ ಮೆಕಾಂಕಿ ಎಂಬ ಸ್ಕೀಯರ್, ಪುಡಿ ಹಿಮವೆಂದರೆ ಒಂದು ಬಗೆಯ ನೀರೇ ಅಲ್ಲವೇ ಎಂದು ಯೋಚಿಸಿ, ನೀರಿನ ಮೇಲೆ ಓಡಿಸುವ ಸ್ಕೀಗಳನ್ನೇ ಹಿಮಕ್ಕೆ ಇಳಿಸಿ ನೋಡಿದನಂತೆ. 2002ರಲ್ಲಿ ವೊಲಾಂಟ್ ಕಂಪನಿ ಅವನ ವಿನ್ಯಾಸದ ಸ್ಪಾಚುಲಾ ಎಂಬ ಸ್ಕೀ ತಂದಿತು. ತುದಿಗಳೆರಡೂ ಮೇಲೆದ್ದ, ನಡುವೇ ಅಗಲವಾದ ಸ್ಕೀ. ಆಗ ನಕ್ಕವರು ಕಡಿಮೆಯಿಲ್ಲ. ಇವತ್ತು ಅಂಗಡಿಯ ಗೋಡೆಗೆ ಒರಗಿದ ಅಗಲದ ಸ್ಕೀಗಳೆಲ್ಲ ಅದರ ಸಂತಾನವೇ.

ಪರೀಕ್ಷೆಯ ವಿಧಾನ ಸರಳ. ಒಂದೇ ಇಳಿಜಾರು, ಒಂದೇ ದಾರಿ, ಒಂದೇ ಬೂಟು. ಬೆಳಿಗ್ಗೆ ಒಂಬತ್ತೂವರೆಗೆ, ಹನ್ನೊಂದರ ಸುಮಾರಿಗೆ, ಮಧ್ಯಾಹ್ನ ಒಂದೂವರೆಗೆ, ಹೀಗೆ ಮೂರು ಹೊತ್ತು. ಪ್ರತಿ ಹೊತ್ತಿಗೂ ಮೂರೂ ಜೊತೆಗಳಲ್ಲಿ ಒಂದೊಂದು ಸಲ ಇಳಿಯುವುದು, ಕಿಸೆಯಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಹತ್ತಕ್ಕೆ ಎಷ್ಟು ಎಂದು ಅಂಕ ಬರೆಯುವುದು. ಮಿಕ್ಕ ಸ್ಕೀಗಳನ್ನು ಚಹಾದಂಗಡಿಯ ಪಕ್ಕ ಹಿಮದಲ್ಲಿ ನೆಟ್ಟಿಟ್ಟೆವು.

ಮೊದಲ ದಿನ, ಒಂಬತ್ತೂವರೆ. ಆಕಾಶ ತೊಳೆದಿಟ್ಟ ಹಾಗಿತ್ತು. ರಾತ್ರಿ ಮೋಡವಿಲ್ಲದಿದ್ದರೆ ಹಿಮ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಹಗಲು ಕರಗಿದ್ದು ಮತ್ತೆ ಹೆಪ್ಪುಗಟ್ಟುತ್ತದೆ. ಇಳಿಜಾರು ಗಾರೆ ನೆಲದ ಹಾಗಿತ್ತು. ನಿನ್ನೆ ಮಧ್ಯಾಹ್ನ ಯಾರೋ ಕೊರೆದ ಗೆರೆಗಳು ಹಾಗೇ ಕಲ್ಲಾಗಿದ್ದವು. ತೆಳು ಸ್ಕೀ ಅಂಚು ಕಚ್ಚಿ ಹಿಡಿಯಿತು. ಹಲ್ಲು ಗಡಗಡ ಎಂದರೂ ನಂಬಿಕೆ ಬಂತು. ಏಳು ಅಂಕ. ನಡುತರದ್ದು ಹಿಡಿದೂ ಹಿಡಿಯದ ಹಾಗೆ ಮಾಡಿತು. ಐದು. ಅಗಲದ್ದು ಹಾಕಿಕೊಂಡಾಗ ನಿಜಕ್ಕೂ ಹೆದರಿದೆ. ಅಗಲ ಹೆಚ್ಚಾದಷ್ಟೂ ಅಂಚು ನಮ್ಮ ಪಾದದಿಂದ ದೂರ ಹೋಗುತ್ತದೆ, ಅದನ್ನು ಗಟ್ಟಿ ನೆಲದಲ್ಲಿ ವಾಲಿಸಿ ಹಿಡಿಯಲು ಮೊಣಕಾಲೇ ತಿರುಚಬೇಕು. ಪಟ್ಟಿಯೊಳಗಿನ ಹಳೆಯ ನೋವು "ನಾನಿದ್ದೇನೆ" ಎಂದಿತು. ಎರಡು ಅಂಕ ಕೊಟ್ಟು, ಅರ್ಧ ದಾರಿ ಅಡ್ಡಡ್ಡ ಜಾರಿಕೊಂಡೇ ಇಳಿದೆ.

ಹನ್ನೊಂದರ ಹೊತ್ತಿಗೆ ಲೋಕವೇ ಬದಲಾಗಿತ್ತು. ಬಿಸಿಲು ಬಿದ್ದು ಮೇಲಿನ ಎರಡು ಬೆರಳಿನಷ್ಟು ಹಿಮ ಮಾತ್ರ ಸಡಿಲಾಗಿತ್ತು, ಕೆಳಗೆ ಇನ್ನೂ ಗಟ್ಟಿ ತಳ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಆಟ ಹಲವು ದಿನ ನಡೆದರೆ ಹಿಮದ ಹರಳುಗಳ ಮೊನೆಗಳೆಲ್ಲ ಸವೆದು ದುಂಡಗಿನ ಕಾಳುಗಳಾಗುತ್ತವೆ. ಇಂಗ್ಲಿಷಿನಲ್ಲಿ ಕಾರ್ನ್ ಸ್ನೋ ಎನ್ನುತ್ತಾರೆ. ಕೈಗೆ ತೆಗೆದುಕೊಂಡು ನೋಡಿದೆ. ನಮ್ಮನೆಯ ಜೋಳದ ನುಚ್ಚು! ಅವ್ವ ಮೊರದಲ್ಲಿ ಕೇರಿ ಬೇರೆ ಮಾಡಿದ ಹದವಾದ ನುಚ್ಚು.

ತೆಳು ಸ್ಕೀಯಲ್ಲಿ ಇಳಿದೆ. ಸರ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ಒಂಬತ್ತು. ನಡುತರದ್ದರಲ್ಲಿ ಇಳಿದೆ. ಅದೂ ಒಂಬತ್ತು. ಎರಡು ಗಂಟೆಯ ಹಿಂದೆ ನನ್ನನ್ನು ಹೆದರಿಸಿದ್ದ ಅಗಲದ ಸ್ಕೀಯನ್ನು ಅಳುಕುತ್ತಲೇ ಹಾಕಿಕೊಂಡೆ. ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು. ಎಂಟು. ಕೆಳಗೆ ನಿಂತಿದ್ದ ಮೇಷ್ಟ್ರು ಕೈಯೆತ್ತಿ ಏನೋ ಕೂಗಿದರು. ಹತ್ತಿರ ಬಂದ ಮೇಲೆ ಗೊತ್ತಾಯಿತು, "ದೀದಿ, ನೀವು ನಗುತ್ತಿದ್ದೀರಿ" ಎಂದಿದ್ದರು.

ಒಂದೂವರೆಗೆ ಮತ್ತೊಂದು ಲೋಕ. ಬಿಸಿಲು ಆಳಕ್ಕೆ ಇಳಿದು ತಳವೂ ಸಡಿಲಾಗಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಬರೀ ರಾಡಿ. ಸ್ಕೀ ಜಾರುವುದು ತನ್ನಡಿಯಲ್ಲಿ ಉಂಟಾಗುವ ನೀರಿನ ತೆಳ್ಳನೆಯ ಪೊರೆಯಿಂದ. ಆ ನೀರು ಮಿತಿಯಲ್ಲಿದ್ದರೆ ಎಣ್ಣೆ, ಹೆಚ್ಚಾದರೆ ಅದೇ ಅಂಟು. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಕೂತರೆ ಹೇಗೆ ಹಿಡಿಯುತ್ತದೋ ಹಾಗೆ ಹಿಡಿಯುತ್ತದೆ. ತೆಳು ಸ್ಕೀ ಹೂತು ಹೂತು ನಿಂತಿತು. ಮೂರು ಅಂಕ. ನಡುತರದ್ದಕ್ಕೆ ಐದು. ಅಗಲದ್ದು ಮೇಲೆಮೇಲೇ ತೇಲಿ ಹೋಯಿತು. ಆರು. ಆದರೆ ಅದೂ ಸುಖವಲ್ಲ. ಒಂದು ಕಡೆ ಓಡಿ, ಮರದ ನೆರಳು ದಾಟಿ ಬಿಸಿಲಿಗೆ ಬಂದ ಕೂಡಲೇ ಯಾರೋ ಹಿಂದಿನಿಂದ ಸೆರಗು ಹಿಡಿದೆಳೆದ ಹಾಗೆ ತಡೆಯುತ್ತಿತ್ತು. ಹೋದ ವರ್ಷ ಬಿದ್ದದ್ದೂ ಇದೇ ಎಳೆತಕ್ಕೆ. ಮೈಯೇ ನೆನಪಿಟ್ಟುಕೊಂಡಿತ್ತು, ಮುಂದಕ್ಕೆ ಬಾಗಬೇಕಾದಲ್ಲಿ ಹಿಂದಕ್ಕೆ ವಾಲುತ್ತಿದ್ದೆ.

ಆ ರಾತ್ರಿ ಅಂಗಡಿಯವರಿಗೆ ಹೇಳಿ ಮೂರೂ ಜೊತೆಗಳಿಗೆ ಬೆಚ್ಚಗಿನ ಹಿಮಕ್ಕೆ ಬಳಸುವ ಮೇಣ ಹಾಕಿಸಿದೆ. ಇಸ್ತ್ರಿಪೆಟ್ಟಿಗೆಯಂಥದ್ದರಲ್ಲಿ ಮೇಣ ಕರಗಿಸಿ ಬಳಿದು, ಆರಿದ ಮೇಲೆ ಕೆರೆದು, ಬ್ರಷ್‌ನಿಂದ ಉಜ್ಜುತ್ತಾರೆ. ಸ್ಕೀಯ ಅಡಿಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ, ನೀರು ಅಂಟಿ ನಿಲ್ಲದೆ ಹರಿದುಹೋಗಲಿ ಎಂದು. ಮೇಣ ಆ ಗೀರುಗಳನ್ನು ಮುಚ್ಚದ ಹಾಗೆ ಉಜ್ಜಬೇಕು. ಎರಡನೆಯ ದಿನ ಮತ್ತೆ ಅದೇ ಪರೀಕ್ಷೆ ಮಾಡಿದಾಗ ಮಧ್ಯಾಹ್ನದ ಅಂಕಗಳು ಒಂದೊಂದು ಏರಿದವು. ಬೆಳಗಿನವು, ಹನ್ನೊಂದರವು ಬಹುತೇಕ ಹಾಗೇ ಉಳಿದವು.

ಎರಡನೆಯ ಸಂಜೆ ಹೋಟೆಲಿನ ಬುಖಾರಿ ಒಲೆಯ ಪಕ್ಕ ಕೂತು ಅಂಕಗಳನ್ನು ಕೋಷ್ಟಕ ಮಾಡಿದೆ. ಅಡ್ಡಸಾಲಿನಲ್ಲಿ ಸ್ಕೀಗಳು, ಉದ್ದಸಾಲಿನಲ್ಲಿ ಹೊತ್ತು. ಯಾವ ಸ್ಕೀ ಗೆಲ್ಲುತ್ತದೆ ಎಂದು ನೋಡಲು ಹೊರಟವಳಿಗೆ ಕಣ್ಣಿಗೆ ಹೊಡೆದದ್ದು ಬೇರೆ. ಹನ್ನೊಂದು ಗಂಟೆಗೆ ಅತ್ಯುತ್ತಮ ಸ್ಕೀಗೂ ಅತ್ಯಂತ ಕೆಟ್ಟದ್ದಕ್ಕೂ ಇದ್ದ ಅಂತರ ಒಂದೇ ಅಂಕ. ಅದೇ ತೆಳು ಸ್ಕೀ ಹನ್ನೊಂದಕ್ಕೂ ಒಂದೂವರೆಗೂ ನಡುವೆ ಕಳೆದುಕೊಂಡದ್ದು ಆರು. ಸ್ಕೀ ಬದಲಿಸಿ ಗಳಿಸುವುದಕ್ಕಿಂತ ಹೊತ್ತು ತಪ್ಪಿಸಿ ಕಳೆದುಕೊಳ್ಳುವುದೇ ಹೆಚ್ಚು.

ಪುಸ್ತಕ ಮುಚ್ಚಿದಾಗ ನೆನಪಾದದ್ದು ಅಪ್ಪ.

ನಮ್ಮದು ಎರಿ ಹೊಲ. ಆ ಮಣ್ಣನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಣಗಿದರೆ ಕಲ್ಲು, ಕೈ ಹೋಗುವಷ್ಟು ಬಿರುಕು. ನೆನೆದರೆ ಅಂಟು, ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಎರಡು ಕಿಲೋ ಮಣ್ಣು. ಇವೆರಡರ ನಡುವೆ ಎರಡು ದಿನವೋ ಮೂರು ದಿನವೋ ಹದ ಬರುತ್ತದೆ. ಮಳೆ ನಿಂತ ಮೇಲೆ ಅಪ್ಪ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಬಿಡಿಸಿ ನೋಡುತ್ತಿದ್ದ. ಉಂಡೆಯಾಗಿ, ಬೆರಳು ತಾಗಿಸಿದರೆ ಪುಡಿಯಾದರೆ ಹದ. ಬರೀ ಉಂಡೆಯಾಗಿ ಕೈಗೆ ಮೆತ್ತಿದರೆ ಮನೆಗೆ ವಾಪಸ್. ಪಕ್ಕದ ಹೊಲದವರು ಎತ್ತು ಹೂಡಿದ್ದರೂ ಅವನು ಹೂಡುತ್ತಿರಲಿಲ್ಲ. "ಅವರು ಕುಂಟಿ ಹೊಡ್ಯಾಕ ಹತ್ಯಾರಲ್ಲ ಅಪ್ಪಾ" ಎಂದರೆ, "ಇನ್ನಾ ಹದ ಬಂದಿಲ್ಲ ಬೇ. ಈಗ ಇಳಿದ್ರ ಎತ್ತಿನ ಕಾಲೂ ಹೋದಾವು, ಹೊಲಾನೂ ಕೆಟ್ಟೀತು" ಎನ್ನುತ್ತಿದ್ದ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು. ಗಾದೆ ನನಗೂ ಗೊತ್ತಿತ್ತು. ಹಿಮಕ್ಕೂ ಹದವಿದೆ ಎಂಬುದು ಗೊತ್ತಿರಲಿಲ್ಲ.

ಹೋದ ವರ್ಷ ಅಷ್ಟು ತಡವಾಗಿ ಇಳಿದದ್ದೇಕೆ? ಟಿಕೆಟ್ಟಿನ ದುಡ್ಡು ವಸೂಲಾಗಲಿ ಎಂದು. ಮರುದಿನ ದೆಹಲಿಗೆ ವಿಮಾನ, ಇನ್ನೊಂದೇ ಒಂದು ಸಲ ಎಂದು. ಮೇಷ್ಟ್ರು ಬೇಡವೆಂದದ್ದೂ ಈಗ ನೆನಪಿಗೆ ಬಂತು.

ಅವರೊಡನೆ ಇದನ್ನು ಹೇಳಿಕೊಂಡಾಗ ಅವರು ನಗಲಿಲ್ಲ. "ಹದ ತಪ್ಪುತ್ತಿರುವುದು ದಿನದ್ದಷ್ಟೇ ಅಲ್ಲ ದೀದಿ, ವರ್ಷದ್ದೂ" ಎಂದರು. ಕಳೆದ ವರ್ಷ ಜನವರಿಯಲ್ಲಿ ಗುಲ್ಮರ್ಗ್‌ನ ಬಯಲು ಹಿಮವಿಲ್ಲದೆ ಕಂದುಗಟ್ಟಿದ್ದ ಚಿತ್ರಗಳನ್ನು ನಾವೆಲ್ಲ ನೋಡಿದ್ದೆವು. ಈ ಸಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಫೆಬ್ರವರಿಯಲ್ಲಿ ಇಲ್ಲಿ ನಡೆಯಬೇಕಿತ್ತು. ಹಿಮ ಸಾಲದೆ ಮುಂದಕ್ಕೆ ಹೋಗಿ, ಮಾರ್ಚ್ 9ರಿಂದ 12ರವರೆಗೆ ನಡೆದವು. ವರ್ಷದ ದುಡಿಮೆಯೆಲ್ಲ ಮೂರು ತಿಂಗಳಲ್ಲಿ ಆಗಬೇಕಾದವರಿಗೆ ಅದರಲ್ಲಿ ಒಂದು ತಿಂಗಳು ಹೋದರೆ ಏನು ಎಂಬುದು ಮಳೆ ನಂಬಿದ ಮನೆಯಲ್ಲಿ ಹುಟ್ಟಿದವಳಿಗೆ ವಿವರಿಸಬೇಕಾಗಿರಲಿಲ್ಲ. ಅವರ ತಮ್ಮ ಸ್ಕೀ ಬಿಟ್ಟು ಶ್ರೀನಗರದಲ್ಲಿ ಗಾಡಿ ಓಡಿಸುತ್ತಾನಂತೆ. ನಮ್ಮೂರಿನಲ್ಲಿ ಹೊಲ ಬಿಟ್ಟು ಹುಬ್ಬಳ್ಳಿಗೆ ಹೋದ ಹುಡುಗರ ಮುಖಗಳು ಕಣ್ಣ ಮುಂದೆ ಬಂದವು.

ಮೂರನೆಯ ದಿನಕ್ಕೆ ನಾನು ಒಂದನ್ನು ಉಳಿಸಿಕೊಂಡಿದ್ದೆ. ಕೊಂಗ್ದೂರಿಯಿಂದ ಕೆಳಗೆ ಮರಗಳ ನಡುವಿನ ಆ ದಾರಿ, ಹೋದ ವರ್ಷ ಬಿದ್ದ ತಿರುವು. ನಡುತರದ ಸ್ಕೀ, ಬೈಂಡಿಂಗ್ ನಾಲ್ಕೂವರೆ, ಹೊತ್ತು ಹತ್ತು ಗಂಟೆ. ಅದು ಕೆಳಗಿನ ಎತ್ತರ, ಅಲ್ಲಿ ಬೇಗ ಸಡಿಲಾಗುತ್ತದೆ, ಹಾಗಾಗಿ ಒಂದು ಗಂಟೆ ಮೊದಲೇ ಇಳಿಯಬೇಕು. ಎಲ್ಲ ಲೆಕ್ಕ ಹಾಕಿಯಾಗಿತ್ತು. ನಿಜ ಹೇಳಬೇಕೆಂದರೆ ನಾನು ದೆಹಲಿಯಿಂದ ಬಂದದ್ದೇ ಆ ತಿರುವಿಗಾಗಿ.

ಬೆಳಿಗ್ಗೆ ಕಿಟಕಿ ತೆರೆದರೆ ಮೋಡ. ರಾತ್ರಿಯಿಡೀ ಕವಿದಿತ್ತಂತೆ. ಚಳಿಯೇ ಇರಲಿಲ್ಲ, ಅಂಗಳದ ನೀರಿನ ಹೊಂಡಕ್ಕೆ ತೆಳ್ಳನೆಯ ಮಂಜುಗಡ್ಡೆಯೂ ಕಟ್ಟಿರಲಿಲ್ಲ. ಮೋಡ ಕಂಬಳಿ ಇದ್ದ ಹಾಗೆ, ನೆಲದ ಕಾವನ್ನು ಹೊರಗೆ ಬಿಡುವುದಿಲ್ಲ. ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟದಿದ್ದರೆ ಮರುದಿನಕ್ಕೆ ಗಟ್ಟಿ ತಳವೇ ಇರುವುದಿಲ್ಲ. ಕೊಂಗ್ದೂರಿಗೆ ಹತ್ತಿ, ದಾರಿಯ ಬಾಯಿಗೆ ಹೋಗಿ ನಿಂತೆವು. ಗಂಟೆ ಒಂಬತ್ತೂಮುಕ್ಕಾಲು. ಕೋಲು ಊರಿದೆ. ಹಿಡಿಕೆಯವರೆಗೆ ಸಲೀಸಾಗಿ ಇಳಿಯಿತು. ಇಂಥ ದಿನ ಕಡಿದಾದ ಕಡೆ ಒದ್ದೆ ಹಿಮ ರಾಶಿಯಾಗಿ ಜಾರುವ ಅಪಾಯವೂ ಇರುತ್ತದೆ.

ಇಬ್ಬರು ಹುಡುಗರು ನಮ್ಮ ಪಕ್ಕದಿಂದಲೇ ಕೂಗುತ್ತ ಇಳಿದು ಹೋದರು. ಅವರಿಗೆ ಏನೂ ಆಗಲಿಲ್ಲ, ಅದನ್ನೂ ಹೇಳಬೇಕು. ಮೇಷ್ಟ್ರು ಏನೂ ಹೇಳದೆ ಅತ್ತ ನೋಡುತ್ತ ನಿಂತಿದ್ದರು. ಅವರು ಬೇಡವೆಂದು ಹೇಳಿದ್ದರೆ ಬಹುಶಃ ವಾದಿಸುತ್ತಿದ್ದೆ.

ಕೈಗವಸು ತೆಗೆದು ಒಂದು ಹಿಡಿ ಹಿಮ ತೆಗೆದುಕೊಂಡೆ. ಮುಷ್ಟಿ ಕಟ್ಟಿದೆ. ಬೆರಳುಗಳ ನಡುವಿನಿಂದ ನೀರು ಸೋರಿ ಮೊಣಕೈವರೆಗೆ ಇಳಿಯಿತು.

"ಇವತ್ತು ಆಗುವುದಿಲ್ಲ" ಎಂದೆ.

"ಹ್ಞಾಂ ದೀದಿ" ಎಂದು ಅವರು ಆಗಲೇ ಬಗ್ಗಿ ನನ್ನ ಸ್ಕೀಗಳನ್ನು ಎತ್ತಿಕೊಂಡರು.

ಗೊಂಡೋಲಾದಲ್ಲಿ ಇಳಿಯುವಾಗ ಆ ತಿರುವು ಕೆಳಗೆ ಕಾಣಿಸಿತು. ಎರಡು ಪೈನ್ ಮರಗಳ ನಡುವಿನ ಸಾಧಾರಣ ಜಾಗ. ವರ್ಷವಿಡೀ ಕನಸಿನಲ್ಲಿ ಅದೊಂದು ಕಣಿವೆಯಾಗಿತ್ತು. ಹೊಟ್ಟೆಯೊಳಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳು. ಬಂದ ಕೆಲಸ ಆಗಲಿಲ್ಲ ಎಂಬ ಸಂಕಟ. ಆದರೆ ಕೇಳಲು ಬಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸ್ಕೀ ಕೊಳ್ಳಲಿಲ್ಲ. ಬಿಡುವುದೂ ಇಲ್ಲ.

ಹೋಗುವವರಿಗೆ ನಾಲ್ಕು ಮಾತು. ಸ್ಕೀ ಬಾಡಿಗೆಗೇ ಪಡೆಯಿರಿ, ಬೂಟು ಮಾತ್ರ ಸಮಯ ಕೊಟ್ಟು ಆರಿಸಿ. ಬೈಂಡಿಂಗಿನ ಅಂಕಿಯನ್ನು ನಿಮ್ಮೆದುರೇ ನಿಮ್ಮ ತೂಕಕ್ಕೆ ಹೊಂದಿಸಲು ಹೇಳಿ. ಮಾರ್ಚ್ ಕೊನೆಗೆ ಹೋದರೆ ನಡು 80ರಿಂದ 90 ಮಿಲಿಮೀಟರಿನ ಸ್ಕೀ ಕೇಳಿ, ಅದು ಯಾವ ಹೊತ್ತಿನಲ್ಲೂ ಪೂರ್ತಿ ಕೈಬಿಡುವುದಿಲ್ಲ. ಬೆಚ್ಚಗಿನ ಹಿಮದ ಮೇಣ ಹಾಕಿಸಿ. ಒಂಬತ್ತಕ್ಕೆ ತಿಂಡಿ ನಿಧಾನವಾಗಿ ತಿನ್ನಿ, ಹನ್ನೆರಡೂವರೆಗೆ ಸ್ಕೀ ಬಿಚ್ಚಿಡಿ, ಟಿಕೆಟ್ಟಿನ ದುಡ್ಡಿನ ಲೆಕ್ಕ ಹಾಕಬೇಡಿ. ರಾತ್ರಿ ಮಲಗುವ ಮುಂಚೆ ಹೊರಗೆ ಬಂದು ಆಕಾಶದಲ್ಲಿ ಚುಕ್ಕೆ ಕಾಣುತ್ತವೆಯೇ ನೋಡಿ. ಕಂಡರೆ ನಾಳೆ ಹದ ಬರುತ್ತದೆ.

ದೆಹಲಿಗೆ ಬಂದ ಮೇಲೆ ಊರಿಗೆ ಫೋನು ಮಾಡಿ ಹೇಳಿದೆ. ಅವ್ವ ಬೈದಳು, ಬೈದು ಮುಗಿಸಿ ಕಾಲು ಹೇಗಿದೆ ಎಂದು ಕೇಳಿದಳು. ಆಮೇಲೆ ಫೋನು ಅಪ್ಪನ ಕೈಗೆ ಹೋಯಿತು. ಅವನಿಗೀಗ ಎಪ್ಪತ್ತೆಂಟು, ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಹಿಮದ ಬಗ್ಗೆ, ಮುಷ್ಟಿಯಿಂದ ನೀರು ಸೋರಿದ್ದರ ಬಗ್ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮತ್ತ, ಇಳೀಲಿಲ್ಲಲ್ಲ?"

"ಇಲ್ಲಪ್ಪಾ."

"ಚಲೋ ಆತು ತಗೋ" ಎಂದ. "ಹೊಲ ಎಲ್ಲಿಗೂ ಹೋಗೂದಿಲ್ಲ."